ಒಳಗಿನಿಂದ ಒಡೆದ ಗಾಜು

ಮುತ್ತ: ಕಲ್ಲೇ ಮೇಡಂ! ಹೆಮ್ಮಾಡಿ ಹತ್ರ ಟಿಪ್ಪರಿಂದ ಹಾರಿ ಬಂದ್ ತಾಂಗಿದ್ದ್!

ಕೋಡಿಯ ಮೀನು ವ್ಯಾಪಾರಿ ಮುತ್ತ ಕುಂದಾಪುರದ ವಿಮಾ ಕಚೇರಿಯ ಮೇಜು ಗುದ್ದಿದ. ಅವನ ವ್ಯಾನಿನ ಎದುರುಗಾಜು ಒಡೆದಿತ್ತು. ಪಕ್ಕದಲ್ಲಿ ಹೆಂಡತಿ ವನಜ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಎದುರಿಗೆ ಕ್ಲೇಮು ಬರೆದುಕೊಳ್ಳುವ ಹರಿಣಾಕ್ಷಿ.

ಹರಿಣಾಕ್ಷಿ: ಕಲ್ಲ್ ಹೊರ್ಗಿಂದ ಬಂತಾ, ಒಳ್ಗಿಂದ ಬಂತಾ?

ಮುತ್ತ: ಎಂತ ಕೇಂತ್ರಿ ಮೇಡಂ? ಟಿಪ್ಪರ್ ನನ್ ವ್ಯಾನಿನೊಳ್ಗೆ ಬಪ್ಪುಕಾತ್ತಾ?

ಹರಿಣಾಕ್ಷಿ: ನಾ ಈಗ ಕೆಳ್ಗ್ ಹೋಯಿ ಕಂಡ್ಕ ಬಂದೆ. ಗಾಜ್ ಹೊರ್ಗಡಿಗೆ ಉಬ್ಬಿತ್. ಪೆಟ್ಟ್ ಬಿದ್ದದ್ದ್ ಒಳ್ಗಿಂದ.

ಮುತ್ತ ತಲೆ ಕೆರೆದುಕೊಂಡ.

ಮುತ್ತ: ಕಲ್ಲ್ ಕಿಟ್ಕಿಯಾಗ್ ಒಳ್ಗ್ ಬಂತ್. ಮತ್ತೆ ಒಂದ್ ಸುತ್ತ್ ತಿರ್ಗಿ, ಎದ್ರಿಂದ ಹೊರ್ಗೆ ಹೋಪುಕ್ ಹೊರಟದ್ದ್.

ಹರಿಣಾಕ್ಷಿ: ತಿರ್ಗುವಾಗ ಇಂಡಿಕೇಟರ್ ಹಾಕಿತ್ತಾ?

ವನಜಳಿಗೆ ತಡೆಯಲಾಗಲಿಲ್ಲ.

ವನಜ: ಸಾಕ್ ಮಾಡಿ ಮಾರಾಯ್ರೆ! ಮೇಡಂ, ಕಲ್ಲೂ ಇಲ್ಲೆ, ಟಿಪ್ಪರೂ ಇಲ್ಲೆ. ನಾ ಬಿಸಾಕಿದ್ದ್ ಬುತ್ತಿ ಡಬ್ಬಿ. ಸ್ಟೀಲಿಂದ್.

ಮುತ್ತ: ವನಜಾ! ಮರ್ಯಾದಿ!

ವನಜ: ಬೆಳಿಗ್ಗೆ ಎದ್ದ್ ಬಂಗುಡೆ ಸಾರ್ ಮಾಡಿ ಕಟ್ಟಿದ್ದೆ. ಬೀಜಾಡಿಯಂಗೆ ಗಾಡಿ ನಿಲ್ಸಿ ಉಂಡ್ರ್. ನಾ ಹಿಂದಿನ್ ಸೀಟಂಗೆ ಇದ್ದೆ. ಕೈ ತೊಳ್ಕಂಡ್ ಎಂತ ಹೇಳ್ರ್ ಗೊತ್ತಿತ್ತಾ? "ಲಾಯ್ಕಿತ್, ಆರೆ ಅತ್ತಿಗಿ ಮಾಡ್ದಂಗೆ ಇಲ್ಲೆ" ಅಂದೇಳಿ!

ಹರಿಣಾಕ್ಷಿಯ ಪೆನ್ನು ನಿಂತಿತು.

ಹರಿಣಾಕ್ಷಿ: ಹಂಗೇ ಹೇಳ್ರಾ?

ಮುತ್ತ: ಹುಳಿ ಒಂಚೂರ್ ಕಮ್ಮಿ ಅಂದೆ, ಅಷ್ಟೇ!

ಹರಿಣಾಕ್ಷಿ: ಆರೂ ವನಜಕ್ಕ, ಗಾಡಿ ನಿಮ್ ಹೆಸ್ರಂಗಿತ್. ನಿಮ್ ಗಾಜ್ ನೀವೇ ಬೇಕಂತ್ಲೇ ಒಡ್ದ್ರೆ ವಿಮೆ ಸಿಕ್ಕುದಿಲ್ಲೆ.

ವನಜ: ಬೇಕಂತ್ಲೇ ಯಾರ್ ಒಡ್ದದ್ದ್? ನಾ ಗುರಿ ಇಟ್ಟದ್ದ್ ಇವ್ರ್ ಮಂಡೆಗೆ! ಇವ್ರ್ ಬಗ್ಗಿ ಬಿಟ್ರ್!

ಹರಿಣಾಕ್ಷಿ ಫಾರಂ ಎಳೆದುಕೊಂಡು, ಗಟ್ಟಿಯಾಗಿ ಓದುತ್ತ ಬರೆದಳು: "ಹಾನಿಯ ಕಾರಣ: ಗಂಡ ಅನಿರೀಕ್ಷಿತವಾಗಿ ಬಗ್ಗಿದ್ದು."

ಮುತ್ತ: ಹಂಗಾರೆ ತಪ್ಪ್ ನಂದಾ?

ಹರಿಣಾಕ್ಷಿ: ಎದ್ರಿಗೆ ಗಾಜ್ ಇಪ್ಪುದ್ ಗೊತ್ತಿದ್ದೂ ಬಗ್ಗಿದ್ದ್ ಎಂತಕೆ ಮುತ್ತಣ್ಣ?

ಒಳಗಿನ ಕೋಣೆಯಿಂದ ಹಾನಿ ಪರಿಶೀಲಿಸುವ ಸರ್ವೇಯರ್ ಗುಣಪಾಲ ಬಂದು ಫಾರಂ ಓದಿದರು. ಮತ್ತೊಮ್ಮೆ ಓದಿದರು. ಕೆಳಗಿಳಿದು ಗಾಜು ನೋಡಿ ಬಂದು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಸಹಿ ಹಾಕಿದರು.

ಗುಣಪಾಲ: ಮೂವತ್ತ್ ವರ್ಷದಂಗೆ ಸತ್ಯ ಬರ್ದ ಫಾರಂ ಇದೊಂದೇ. ಪಾಸ್!

ಹರಿಣಾಕ್ಷಿ: ಆಯ್ತ್. ಇನ್ನೆಂತಾರೂ ಕೇಂಬುದಿತ್ತಾ?

ವನಜ: ವರ್ಷಕ್ಕೆ ಎಷ್ಟ್ ಸರ್ತಿ ಗಾಜ್ ಹಾಕ್ಸಿ ಕೊಡ್ತ್ರಿ ಮೇಡಂ?

ಮುತ್ತ: ಒಂದೇ ಸರ್ತಿ ಅಂದ್ ಹೇಳಿ ಮೇಡಂ, ದಮ್ಮಯ್ಯ!