ಮೂರಿಂಚು ಮಾರ್ಜಿನ್ ಬಿಟ್ಟ ಸೈಕಲ್

"ಈ ಊರಲ್ಲಿ ನನ್ನ ಟೇಪಿಗೆ ಸಿಗದ ಮನುಷ್ಯ ಇನ್ನೂ ಹುಟ್ಟಿಲ್ಲ!"

ಹೀಗೆಂದು ಕತ್ತರಿ ಮೇಲೆತ್ತಿ ಘೋಷಿಸಿದವರು ಇಂಚು ಮಾಸ್ಟರು. ವೃತ್ತಿಯಿಂದ ದರ್ಜಿ. ಎತ್ತರ ಐದು ಅಡಿ ಒಂದಿಂಚು, ಆತ್ಮವಿಶ್ವಾಸ ಮಾತ್ರ ಆರೂವರೆ ಅಡಿ! ಘೋಷಣೆ ಕೇಳಲು ಅಂಗಡಿಯಲ್ಲಿ ಇದ್ದದ್ದು ಅವರ ಹೆಂಡತಿ ಒಬ್ಬರೇ. ಆಕೆಯೂ ಶರ್ಟಿಗೆ ಕಾಜಾ ಹಾಕುತ್ತಾ ತಲೆ ತಗ್ಗಿಸಿ ಕೂತಿದ್ದರು.

"ಅಳೀಬೇಕಾಗಿರೋದು ಮನುಷ್ಯರನ್ನಲ್ಲ, ಸೈಕಲ್ಲನ್ನ," ಎಂದರು ಆಕೆ, ಹಲ್ಲಿನಿಂದ ದಾರ ಕಡಿದು. "ಸುಮ್ಮನೆ ಮಗಳನ್ನ ಜೊತೆಗೆ ಕರ್ಕೊಂಡು ಹೋಗಿ."

"ಕರ್ಕೊಂಡು ಹೋದ್ರೆ ಸರ್ಪ್ರೈಸ್ ಎಲ್ಲಿರುತ್ತೆ? ಅವಳು ಹುಟ್ಟಿದಾಗಿಂದ ಅವಳ ಬಟ್ಟೆ ಹೊಲೀತಿರೋನು ನಾನು. ಅವಳ ಒಂದೊಂದು ಇಂಚೂ ನನಗೆ ಬಾಯಿಪಾಠ!"

ಆಕೆ ಗೋಡೆಯ ಕಡೆ ಒಮ್ಮೆ ನೋಡಿದರು ಅಷ್ಟೇ. ಗೋಡೆಯ ಮೇಲೆ ಮಾಸ್ಟರೇ ಬರೆಸಿ ಹಾಕಿದ್ದ ಬೋರ್ಡಿತ್ತು: "ಅಳತೆಗೆ ಸ್ವತಃ ಬನ್ನಿ. ಹಳೆ ಬಟ್ಟೆ ತಂದರೆ ಹೊಸ ಬಟ್ಟೆ ಹೊಲಿದುಕೊಡುವುದಿಲ್ಲ." ಈ ವಿಷಯದಲ್ಲಿ ಮಾಸ್ಟರು ಮುಲಾಜು ನೋಡುವವರೇ ಅಲ್ಲ. ಹೋದ ತಿಂಗಳು ಸೈಕಲ್ ಅಂಗಡಿಯಾತ ಪುರುಸೊತ್ತಿಲ್ಲ ಎಂದು ಹಳೆ ಶರ್ಟು ಹಿಡಿದು ಬಂದಾಗ, ಬೋರ್ಡನ್ನು ಎರಡು ಸಲ ಗಟ್ಟಿಯಾಗಿ ಓದಿಸಿ ವಾಪಸ್ ಅಟ್ಟಿದ್ದರು.

ಈಗ ವಿಷಯಕ್ಕೆ ಬರೋಣ. ಮಾಸ್ಟರ ಮಗಳಿಗೆ ಹತ್ತು ವರ್ಷ. ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ, ಆದರೆ ಒಂದೇ ವರ್ಷದಲ್ಲಿ ಹುಡುಗಿ ಎಷ್ಟು ಉದ್ದವಾಗಿದ್ದಳೆಂದರೆ ಆ ಹೆಸರೂ ಅವಳಿಗೆ ಬಿಗಿಯಾಗತೊಡಗಿತ್ತು. ಹಳೆ ಸೈಕಲ್ಲಿನ ಮೇಲೆ ಕೂತರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಹಾಗಾಗಿ ಕಾಲೆರಡನ್ನೂ ಅಗಲಿಸಿ, ಕಪ್ಪೆಯಂತೆ ಪೆಡಲ್ ತುಳಿಯುತ್ತಿದ್ದಳು. ತುಳಿಯುವ ಜಾಗವಾದರೂ ಒಂದೇ? ಮನೆಯ ಮುಂದೆ ಕಲ್ಲುಹಾಸು, ಅದು ಮುಗಿದರೆ ಡಾಂಬರು, ಆಮೇಲೆ ಜಲ್ಲಿ, ಕಾಲುವೆಯ ಪಕ್ಕ ಕೆಸರು, ಅದರಾಚೆ ಗುಡ್ಡ. ಗುಡ್ಡದ ತುದಿಯಲ್ಲಿ ಸುಣ್ಣ ಬಳಿದ ನೀರಿನ ಟ್ಯಾಂಕು.

ಆ ಟ್ಯಾಂಕೇ ಎಲ್ಲಕ್ಕೂ ಮೂಲ. ಪ್ರತಿ ಭಾನುವಾರ ಅವಳ ಕ್ಲಾಸಿನ ಐದು ಜನ ಹುಡುಗಿಯರು ಸೈಕಲ್ಲಿನಲ್ಲಿ ಟ್ಯಾಂಕಿನ ತನಕ ಹೋಗಿ ಬರುತ್ತಿದ್ದರು. ಅವರು ತುದಿ ಮುಟ್ಟಿ, ದಣಿವಾರಿಸಿಕೊಂಡು, ಹರಟೆ ಹೊಡೆದು ಕೆಳಗಿಳಿಯುವ ಹೊತ್ತಿಗೆ ಪುಟ್ಟಿಯ ಚಿಕ್ಕ ಚಕ್ರಗಳು ಅರ್ಧ ಗುಡ್ಡ ಏರಿರುತ್ತಿದ್ದವು. ಅಲ್ಲಿಂದಲೇ ಅವಳು ತಿರುಗಿಕೊಳ್ಳಬೇಕು. ಹೀಗೆ ಮೂರು ವಾರವಾದ ಮೇಲೆ ಗೆಳತಿಯರು ಅವಳಿಗೆ "ಅರ್ಧಗುಡ್ಡ" ಎಂದು ಹೆಸರಿಟ್ಟರು.

"ಈ ಭಾನುವಾರವೂ ಅರ್ಧಕ್ಕೇ ವಾಪಸ್ ಬಂದ್ರೆ, ನಾನಿನ್ನು ಅವರ ಜೊತೆ ಹೋಗೋದೇ ಇಲ್ಲ ಅಪ್ಪಾ," ಎಂದಳು ಪುಟ್ಟಿ. ಅತ್ತಿದ್ದರೆ ಮಾಸ್ಟರು ಹೇಗೋ ಸಮಾಧಾನ ಮಾಡುತ್ತಿದ್ದರು. ಅವಳು ಅಳಲಿಲ್ಲ. ಅದು ಅವರ ಕರುಳಿಗೆ ಸೂಜಿಯಂತೆ ಚುಚ್ಚಿತು.

ಸರಿ, ಶನಿವಾರ ಮಧ್ಯಾಹ್ನ ಮಗಳ ಪ್ಯಾಂಟೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೊರಳಲ್ಲಿ ಟೇಪಿನ ಹಾರ ಹಾಕಿಕೊಂಡು ಮಾಸ್ಟರು ದಂಡಯಾತ್ರೆ ಹೊರಟರು.

"ಮಗು ಎಲ್ಲಿ?" ಎಂದ ಸೈಕಲ್ ಅಂಗಡಿಯಾತ.

"ಇಲ್ಲಿ!" ಎಂದು ಮಾಸ್ಟರು ಪ್ಯಾಂಟನ್ನು ಮೇಜಿನ ಮೇಲೆ ಹರಡಿದರು.

ಆತ ಪ್ಯಾಂಟನ್ನು ನೋಡಿದ, ಮಾಸ್ಟರನ್ನು ನೋಡಿದ. "ಇದು ಪ್ಯಾಂಟು."

"ಹೊಲಿದವನು ನಾನು. ಇದರೊಳಗಿರೋ ಮಗು ನನಗೆ ಗೊತ್ತು. ನೀವು ಸೈಕಲ್ ತೋರಿಸ್ರೀ."

"ಆಯ್ತಪ್ಪ. ಎಲ್ಲೆಲ್ಲಿ ಓಡಿಸ್ತಾಳೆ?"

"ಎಲ್ಲಿ ಓಡಿಸಲ್ಲ ಅಂತ ಕೇಳಿ!" ಎಂದು ಮಾಸ್ಟರು ಕಲ್ಲು, ಡಾಂಬರು, ಜಲ್ಲಿ, ಕೆಸರು, ಗುಡ್ಡ ಎಲ್ಲವನ್ನೂ ಬೆರಳು ಮಡಿಚಿ ಲೆಕ್ಕ ಒಪ್ಪಿಸಿದರು.

"ಹಂಗಾದ್ರೆ ತೀರಾ ತೆಳು ಟೈರು ಬೇಡ, ತೀರಾ ದಪ್ಪಾನೂ ಬೇಡ. ಮಧ್ಯದ್ದು, ಸ್ವಲ್ಪ ಹಲ್ಲಿರೋದು ತಗೊಳ್ಳಿ. ಗಾಡಿ ಹಗುರ ಇರಲಿ, ಗುಡ್ಡದಲ್ಲಿ ಸುಸ್ತಾದ್ರೆ ತಳ್ಳೋದೂ ಅವಳೇ ತಾನೆ? ಸೈಜು ಮಾತ್ರ ಮಗು ಬಂದು ನಿಂತ್ಮೇಲೆ ಹೇಳ್ತೀನಿ. ಈ ಪ್ಯಾಂಟು ನೋಡಿದ್ರೆ ಇಪ್ಪತ್ನಾಲ್ಕಿಂಚಿನ ಚಕ್ರ ಸಾಕು ಅನ್ಸುತ್ತೆ."

ಮಾಸ್ಟರು ನಕ್ಕರು. ಅದು ಕಸುಬುದಾರನೊಬ್ಬ ಕಲಿಯದವನನ್ನು ನೋಡಿ ನಗುವ ನಗು. ಜೇಬಿನಿಂದ ಸಣ್ಣ ಕತ್ತರಿ ತೆಗೆದು, ಪ್ಯಾಂಟಿನ ಕಾಲ ತುದಿಯ ಹೊಲಿಗೆಯನ್ನು ಚಕಚಕನೆ ಬಿಚ್ಚಿದರು. ಒಳಗೆ ಮಡಿಚಿಟ್ಟಿದ್ದ ಬಟ್ಟೆ ಮೂರಿಂಚು ಕೆಳಗಿಳಿಯಿತು.

"ನೋಡಿದ್ರಾ? ಇದಕ್ಕೆ ಮಾರ್ಜಿನ್ ಅಂತಾರೆ. ಬೆಳೆಯೋ ಮಕ್ಕಳ ಬಟ್ಟೇಲಿ ನಾನು ಮೂರಿಂಚು ಬಿಟ್ಟೇ ಬಿಡ್ತೀನಿ. ಈಗ ಅಳೆದು ಹೇಳಿ!"

"ಇಷ್ಟುದ್ದ ಕಾಲಾದ್ರೆ ಇಪ್ಪತ್ತಾರು ಬೇಕಾಗುತ್ತೆ. ಆದ್ರೆ..."

"ಅದರ ಮೇಲೆ ಸೈಕಲ್ಲಿಗೆ ಮೂರಿಂಚು ಮಾರ್ಜಿನ್!"

"ಇಪ್ಪತ್ತೊಂಬತ್ತಾ? ಅದು ದೊಡ್ಡೋರ ಗಾಡಿ ಮಾಸ್ಟ್ರೇ! ಅದೂ ಉದ್ದ ಇರೋ ದೊಡ್ಡೋರದ್ದು!"

"ನಿಮ್ಮ ಕಸುಬು ಚಕ್ರ, ನನ್ನ ಕಸುಬು ಅಳತೆ. ಕಟ್ಟಿ ಕೊಡಿ!"

ಸೈಕಲ್ಲನ್ನು ಯಾರೂ ಕಟ್ಟಿ ಕೊಡುವುದಿಲ್ಲ. ಆತ ಉಸಿರುಬಿಟ್ಟು, ಅಂಗಡಿಯ ಹಿಂದಿನಿಂದ ಆ ಗಜಗಾತ್ರವನ್ನು ಹೊರಗೆ ತಂದ. ಕಡುಗೆಂಪು ಬಣ್ಣ, ತೋಳಿನಷ್ಟು ದಪ್ಪನೆಯ ಟೈರು. "ಹೊರಗೆ ಓಡಿಸಿದ ಗಾಡಿ ವಾಪಸ್ ತಗೊಳ್ಳಲ್ಲ, ಈಗ್ಲೇ ಹೇಳಿದೀನಿ," ಎಂದ. ಮಾಸ್ಟರ ಕಿವಿಗೆ ಅದು ಬೀಳಲಿಲ್ಲ. ಮನೆಯ ತನಕ ಅವರು ಸೈಕಲ್ ಹತ್ತದೆ ತಳ್ಳಿಕೊಂಡೇ ಬಂದರು. ಯಾಕೆ ಹತ್ತಲಿಲ್ಲ ಎಂದು ತಮ್ಮನ್ನು ತಾವೇ ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು!

ಪುಟ್ಟಿ ಕುಣಿದಳು. ಬೆಲ್ಲು ಬಾರಿಸಿದಳು, ಹ್ಯಾಂಡಲ್ಲನ್ನು ತಬ್ಬಿಕೊಂಡಳು, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಮಾಸ್ಟರು ಹೆಂಡತಿಯ ಕಡೆ ಹುಬ್ಬು ಹಾರಿಸಿದರು. ಆಮೇಲೆ ಹುಡುಗಿಯನ್ನು ಎತ್ತಿ ಸೀಟಿನ ಮೇಲೆ ಕೂರಿಸಿದರು. ಒಂದು ಕಡೆ ಅಪ್ಪ ಹಿಡಿದರು, ಇನ್ನೊಂದು ಕಡೆ ಅಮ್ಮ. ಪುಟ್ಟಿಯ ಕಾಲು ಪೆಡಲಿನ ಮೇಲೆ ನೇತಾಡಿತು, ನೆಲವಂತೂ ಬಹಳ ಕೆಳಗಿತ್ತು. ಸೀಟನ್ನು ಪೂರ್ತಿ ಕೆಳಗಿಳಿಸಿದರು. ಹೆಬ್ಬೆರಳ ತುದಿ ಪೆಡಲಿಗೆ ತಾಗಿತು, ಅಷ್ಟೇ. ಬ್ರೇಕು ಹಿಡಿಯಲು ಹೋದರೆ ಬೆರಳು ಎಟುಕಲಿಲ್ಲ.

"ಬಿಡ್ಲಾ?" ಎಂದರು ಅಮ್ಮ.

"ಬಿಡಬೇಡಮ್ಮಾ!" ಎಂದು ಕಿರುಚಿದಳು ಪುಟ್ಟಿ.

"ಏನೂ ಆಗಲ್ಲ ಪುಟ್ಟಿ, ಬೆಳೀತೀಯ! ಮೂರು ವರ್ಷ ಬೇರೆ ಸೈಕಲ್ ನೋಡೋ ಹಾಗೇ ಇಲ್ಲ!"

"ಅಪ್ಪಾ, ಭಾನುವಾರ ನಾಳೆ. ಬೆಳಗ್ಗೆ ಏಳು ಗಂಟೆಯೊಳಗೆ ಬೆಳೀಬೇಕಾ?"

ಪುಟ್ಟಿ ಮೆಲ್ಲನೆ ಇಳಿದಳು. ಮೂಲೆಗೆ ಹೋಗಿ, ಪಂಪು ತಂದು, ತನ್ನ ಹಳೆ ಪುಟಾಣಿ ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದಳು. ಪಂಪಿನ ಒಂದೊಂದು ಉಸಿರೂ ಮಾಸ್ಟರ ಎದೆಗೇ ಬಡಿಯಿತು. ತಪ್ಪಾಯಿತು ಎಂದು ಆಗಲೇ ಒಪ್ಪಿಕೊಳ್ಳಬಹುದಿತ್ತು. ಆದರೆ ಆತ್ಮವಿಶ್ವಾಸ ಆರೂವರೆ ಅಡಿ ಇತ್ತಲ್ಲ!

"ಕಾಲಿನ ಉದ್ದದಲ್ಲೇನಿದೆ? ಎಲ್ಲಾ ಧೈರ್ಯದಲ್ಲಿದೆ! ನೋಡು, ನಾನು ತೋರಿಸ್ತೀನಿ!"

"ಬೇಡ ರೀ," ಎಂದರು ಹೆಂಡತಿ.

ಬೇಡ ಎಂದ ಮೇಲೆ ಮಾಡದೇ ಇರುವುದುಂಟೇ? ಮಾಸ್ಟರು ಮನೆಯ ಮೂರನೇ ಮೆಟ್ಟಿಲ ಮೇಲೆ ನಿಂತು, ಅಲ್ಲಿಂದ ಸೀಟಿನ ಮೇಲೆ ಕಾಲು ಹಾಕಿ, ಜೈ ಎಂದು ಹೊರಟೇಬಿಟ್ಟರು. ಕಲ್ಲುಹಾಸಿನ ಮೇಲೆ ಸೈಕಲ್ ಗಡಗಡನೆ ಓಡಿತು. ಹತ್ತು ಮಾರು ಹೋದ ಮೇಲೆ ಮಾಸ್ಟರಿಗೆ ಒಂದು ಸತ್ಯ ಹೊಳೆಯಿತು. ಹತ್ತಲು ಮೆಟ್ಟಿಲಿತ್ತು, ಇಳಿಯಲು ಇಲ್ಲ! ಕಾಲು ಕೆಳಗೆ ಚಾಚಿದರೆ ಬರೀ ಗಾಳಿ.

ಅವರು ಬೀದಿಯ ತುದಿಗೆ ಹೋಗಿ ತಿರುಗಿ ಬಂದರು. ಮತ್ತೆ ಹೋದರು, ಮತ್ತೆ ಬಂದರು.

"ಬ್ರೇಕ್ ಹಿಡೀರಿ!" ಎಂದು ಕೂಗಿದರು ಹೆಂಡತಿ.

"ಹಿಡಿದ್ರೆ ನಿಲ್ಲುತ್ತೆ!"

"ನಿಲ್ಲಲಿ ಅಂತಾನೇ ಹೇಳ್ತಿರೋದು!"

"ನಿಂತ್ರೆ ಬೀಳ್ತೀನಿ ಕಣೇ!"

ಇಷ್ಟು ಹೊತ್ತಿಗೆ ಇಡೀ ಬೀದಿ ಬಾಗಿಲಿಗೆ ಬಂದಿತ್ತು. ನಾಲ್ಕನೇ ಸುತ್ತಿನಲ್ಲಿ, ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಸಹಾಯ ಮಾಡಲೆಂದು ಕೊಡೆ ಬಿಡಿಸಿ ಅಡ್ಡ ನಿಂತರು. ಅವರನ್ನು ತಪ್ಪಿಸಲು ಮಾಸ್ಟರು ಎಡಕ್ಕೆ ತಿರುಗಿಸಿದರು. ಎಡಕ್ಕೆ ಇಳಿಜಾರು! ಡಾಂಬರು ಬಂತು, ಹೋಯಿತು. ಜಲ್ಲಿ ಬಂತು, ಹಲ್ಲುಗಳನ್ನೆಲ್ಲ ಕುಲುಕಿಸಿ ಹೋಯಿತು. ಕೆಸರು ಬಂತು, ಮುಖಕ್ಕೆ ಎರಚಿ ಹೋಯಿತು. ಗುಡ್ಡವೊಂದನ್ನು ಬಿಟ್ಟು, ಮಗಳು ಒಂದು ವಾರದಲ್ಲಿ ತುಳಿಯುತ್ತಿದ್ದ ನೆಲವನ್ನೆಲ್ಲ ಅಪ್ಪ ಎರಡು ನಿಮಿಷದಲ್ಲಿ ಮುಗಿಸಿ, ಅವಳ ಪಟ್ಟಿಯಲ್ಲಿಲ್ಲದ ಹೊಸದೊಂದನ್ನೂ ಸೇರಿಸಿದರು. ಅದು ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳಿನ ಗುಡ್ಡೆ. ಸೈಕಲ್ ಅದರೊಳಗೆ ಮೂತಿ ತೂರಿಸಿ ಗಪ್ಪನೆ ನಿಂತಿತು. ಮಾಸ್ಟರು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ, ಮರಳಿನ ಮೇಲೆ ಅಂಗಾತ ಬಿದ್ದರು. ಬೀಳುವಾಗ "ಪರ್ರ್" ಎಂದು ಒಂದು ಸದ್ದು.

ಮೂಳೆಯೇನೂ ಮುರಿದಿರಲಿಲ್ಲ. ಹರಿದದ್ದು ಪ್ಯಾಂಟು. ಅವರೇ ಹೊಲಿದದ್ದು, ಜೀವಮಾನದ ಗ್ಯಾರಂಟಿ ಇದ್ದದ್ದು!

ಓಡಿ ಬಂದ ಅಂಚೆಯ ಹಿರಿಯರು ಕೊಡೆ ಮಡಿಚಿ, ಬಗ್ಗಿ ನೋಡಿ, ನಿಜವಾದ ಕಳಕಳಿಯಿಂದಲೇ ಕೇಳಿದರು: "ಮಾಸ್ಟ್ರೇ, ಇದಕ್ಕೆ ಮಾರ್ಜಿನ್ ಬಿಟ್ಟಿರಲಿಲ್ವಾ?"

ಸಂಜೆ ಸೈಕಲ್ ಅಂಗಡಿಗೆ ಒಂದು ಮೆರವಣಿಗೆ ಹೊರಟಿತು. ಮುಂದೆ ಕೆಸರಿನಲ್ಲಿ ಅದ್ದಿದ ಕೆಂಪು ಸೈಕಲ್. ಅದನ್ನು ತಳ್ಳುತ್ತಾ, ಸೊಂಟಕ್ಕೆ ಟವೆಲ್ ಸುತ್ತಿಕೊಂಡ ಮಾಸ್ಟರು. ಹಿಂದೆ ಹೆಂಡತಿ, ಕೊನೆಯಲ್ಲಿ ಪುಟ್ಟಿ.

ಅಂಗಡಿಯಾತ ಬಾಗಿಲೆಳೆಯುವವನಿದ್ದ. ಮೆರವಣಿಗೆಯನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಕತ್ತರಿ ಹಾಕಿದ ಬಟ್ಟೆ ವಾಪಸ್ ತಗೋತೀರಾ ಮಾಸ್ಟ್ರೇ?" ಎಂದ.

"ಇಲ್ಲ," ಎಂದರು ಮಾಸ್ಟರು, ನೆಲ ನೋಡುತ್ತಾ. ಜೀವನದಲ್ಲಿ ಅವರು ಕೊಟ್ಟ ಅತಿ ಚಿಕ್ಕ ಉತ್ತರ ಅದು. ಆಮೇಲೆ ಮೆಲ್ಲಗೆ ಸೇರಿಸಿದರು: "ತಪ್ಪು ನನ್ನದೇ. ಆದ್ರೆ ನಾಳೆ ಬೆಳಗ್ಗೆ ಇವಳು ಗುಡ್ಡ ಹತ್ತಬೇಕು."

ಪುಟ್ಟಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಅವಳು ಕಂಡದ್ದು ಇದೇ ಮೊದಲು. "ಮಾವ, ಸೈಕಲ್ಲನ್ನ ನಾನು ತೊಳೆದುಕೊಡ್ತೀನಿ. ಒಂದು ಚೂರೂ ಕೆಸರಿರಲ್ಲ," ಎಂದವಳೇ ಅಂಗಡಿಯ ನಲ್ಲಿಯ ಹತ್ತಿರ ಬಟ್ಟೆ ಹಿಡಿದು ಕೂತೇಬಿಟ್ಟಳು. ಟೈರಿನ ಹಲ್ಲುಗಳ ಸಂದಿಗೂ ಬೆರಳು ಹಾಕಿ ಉಜ್ಜಿದಳು. ಅಮ್ಮ ನೀರು ಹಾಕಿದರು. ಮಾಸ್ಟರೂ ಕೈ ಹಾಕಲು ಹೋದರು, ಬಗ್ಗಿದರೆ ಟವೆಲ್ ಜಾರುತ್ತಿತ್ತು, ಹಾಗಾಗಿ ನಿಂತೇ ಇದ್ದರು.

ಕೆಂಪು ಸೈಕಲ್ ಫಳಫಳನೆ ಹೊಳೆದಾಗ ಅಂಗಡಿಯಾತನ ಮೀಸೆಯಡಿಯಲ್ಲಿ ನಗು ಮೂಡಿತ್ತು. "ಬಾರಮ್ಮ ಇಲ್ಲಿ," ಎಂದು ಪುಟ್ಟಿಯನ್ನು ಒಂದೊಂದೇ ಸೈಕಲ್ಲಿನ ಮೇಲೆ ಕಾಲು ದಾಟಿಸಿ ನಿಲ್ಲಿಸಿದ. ಎರಡೂ ಪಾದ ನೆಲಕ್ಕೆ ಊರುತ್ತಾ? ಬ್ರೇಕಿಗೆ ಬೆರಳು ಎಟುಕುತ್ತಾ? ಒಬ್ಬಳೇ ಎತ್ತೋಕಾಗುತ್ತಾ? ಮೂರು ಸೈಕಲ್ ಆಗಲಿಲ್ಲ. ನಾಲ್ಕನೆಯದು ನೀಲಿ, ಮಧ್ಯಮ ಟೈರು, ಹಗುರ. ಅದರ ಮೇಲೆ ಅವಳು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದು, ಠಕ್ಕನೆ ಬ್ರೇಕ್ ಹಾಕಿ ಎರಡೂ ಕಾಲೂರಿ ನಿಂತಳು.

"ಎಷ್ಟು ಇಂಚು?" ಎಂದರು ಮಾಸ್ಟರು ಸಣ್ಣ ದನಿಯಲ್ಲಿ.

"ಇಪ್ಪತ್ನಾಲ್ಕು. ಬೆಳೆದ್ರೆ ಸೀಟು ಮೇಲೆತ್ತಿ, ಮುಗೀತು. ತಗೊಂಡು ಹೋಗಿ. ಬದಲಿಗೆ ನನ್ನದೊಂದು ಕೆಲಸ ಇದೆ. ಅಂಗಡಿ ಮುಂದೆ ಕಟ್ಟೋಕೆ ಬಟ್ಟೆ ಬ್ಯಾನರ್ ಬೇಕು. ಹೊಲಿಗೆ ನಿಮ್ಮದು, ಬರಹ ನನ್ನದು. ಅಳತೆಗೆ ಮಾತ್ರ ನೀವೇ ಸ್ವತಃ ಬರಬೇಕು!"

ಮರುದಿನ ಮಧ್ಯಾಹ್ನ ಪುಟ್ಟಿ ಕಿವಿಯ ತನಕ ಕೆಸರು ಮೆತ್ತಿಕೊಂಡು ಮನೆಗೆ ಬಂದಳು. ಎಡಗೈಯನ್ನು ಮಾತ್ರ ಎಲ್ಲಿಗೂ ತಾಗಿಸದೆ ಎತ್ತಿ ಹಿಡಿದಿದ್ದಳು. ಅಪ್ಪನ ಮುಂದೆ ಅಂಗೈ ಬಿಡಿಸಿದಳು. ಬೆಳ್ಳಗೆ ಸುಣ್ಣ! ಟ್ಯಾಂಕಿನ ಗೋಡೆ ಮುಟ್ಟಿ, ಹಾಗೆಯೇ ಒಂದೇ ಕೈಯಲ್ಲಿ ಇಳಿದು ಬಂದಿದ್ದಳಂತೆ.

"ಇಳಿಜಾರಲ್ಲಿ ಒಂದೇ ಕೈಯಾ?" ಎಂದು ಬೈಯಲು ಹೋದ ಮಾಸ್ಟರಿಗೆ ತಮ್ಮ ಶನಿವಾರದ ಸವಾರಿ ನೆನಪಾಯಿತು. ಖುಷಿಗೆ ಕಣ್ಣು ತುಂಬಿತು. ಮೂಗು ಒರೆಸಿಕೊಂಡು ಹೊಲಿಗೆ ಮೆಷಿನ್ನಿನ ಮುಂದೆ ಕೂತರು.

ಬುಧವಾರ ಬ್ಯಾನರ್ ಸಿದ್ಧವಾಯಿತು. ಅಂಗಡಿಯ ಮುಂದೆ ಒಂದು ತುದಿ ಮಾಸ್ಟರು ಹಿಡಿದರು, ಇನ್ನೊಂದು ತುದಿ ಪುಟ್ಟಿ. ನಡುವೆ ಮೊಳದುದ್ದದ ಅಕ್ಷರಗಳು:

"ಮಗುವನ್ನು ಕರೆತನ್ನಿ. ಪ್ಯಾಂಟು ತಂದರೆ ಸೈಕಲ್ ಕೊಡುವುದಿಲ್ಲ."

ಇಡೀ ಬೀದಿ ನಿಂತು ಓದಿತು, ಅಂಚೆಯ ಹಿರಿಯರು ಎರಡು ಸಲ, ಅದೂ ಗಟ್ಟಿಯಾಗಿ. ಮಾಸ್ಟರೂ ಎಲ್ಲರ ಜೊತೆ ನಕ್ಕುಬಿಟ್ಟರು. ಏನೇ ಆಗಲಿ, ಪಾಠ ಕಲಿತಾಯಿತು, ಇನ್ನು ಮುಂದೆ ಇದ್ದಷ್ಟಕ್ಕೆ ಅಳತೆ, ಅಷ್ಟೇ ಎಂದು ಎದೆಯುಬ್ಬಿಸಿ ಸಾರಿದರು.

ಅಷ್ಟರಲ್ಲಿ ಆ ತುದಿಯಲ್ಲಿ ಬ್ಯಾನರಿನ ಅಂಚನ್ನು ಬೆರಳಲ್ಲಿ ತಡವುತ್ತಿದ್ದ ಪುಟ್ಟಿ, ಅದನ್ನು ತಿರುಗಿಸಿ ನೋಡಿದಳು. ಒಳಗೆ ನೀಟಾಗಿ ಮಡಿಚಿ ಹೊಲಿದ ಬಟ್ಟೆ, ಸರಿಯಾಗಿ ಮೂರಿಂಚು!

"ಅಪ್ಪಾ," ಎಂದು ಕೂಗಿದಳು ಬೀದಿಗೆಲ್ಲ ಕೇಳುವಂತೆ, "ಬ್ಯಾನರೂ ಬೆಳೆಯುತ್ತಾ?"