ನಮ್ಮ ಭಾವನ ದಿಬ್ಬ ಹತ್ತುವ ಸೈಕಲ್ಲು

ನಮ್ಮ ಭಾವ ಹೆಣ್ಣು ನೋಡಲು ಬಂದ ದಿನ ಮೊದಲು ಒಪ್ಪಿದ್ದು ನಮ್ಮ ಅಪ್ಪನ ಸೈಕಲ್ಲನ್ನು. ಅಕ್ಕನನ್ನು ಒಪ್ಪಿದ್ದು ಆಮೇಲೆ, ಕೈ ತೊಳೆದುಕೊಂಡ ಮೇಲೆ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಆವತ್ತು ಚಿಕ್ಕರಸಿನಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದ ಯಾರನ್ನು ಬೇಕಾದರೂ ಕೇಳಿ.

ಮಳವಳ್ಳಿಯಿಂದ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು. ಎಲ್ಲರೂ ತಿನ್ನಲು ಶುರುಮಾಡಿದ ಮೇಲೆ ನೋಡಿದರೆ ಗಂಡೇ ಇಲ್ಲ. ಹುಡುಗ ಮನಸ್ಸಿಲ್ಲದೆ ವಾಪಸ್ಸು ಬಸ್ಸು ಹತ್ತಿಬಿಟ್ಟನೇನೋ ಎಂದು ಅವ್ವನ ಮುಖ ಬಾಡಿತು. ನಾನು ಹುಡುಕುತ್ತ ಹಿತ್ತಿಲಿಗೆ ಹೋದೆ. ಅಲ್ಲಿ ಅಪ್ಪನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಅದರ ಚೈನು ಮದುವೆ ಗಂಡಿನ ಬಿಳೀ ಪಂಚೆಯ ಮೇಲೆ ಹಾವಿನ ಹಾಗೆ ಮಲಗಿತ್ತು.

"ಇದರ ಇಂದ್ಲ ಚಕ್ರದಲ್ಲಿ ಎರಡು ಬೇರಿಂಗ್ ಗುಂಡು ಕಮ್ಮಿ ಅವೆ ಕಣಪ್ಪ" ಅಂದರು ಭಾವ, ನಾನು ಯಾರೆಂದು ಕೂಡ ಕೇಳದೆ. "ಇಂಗೇ ಓಡಿಸಿದ್ರೆ ಒಳಗೆಲ್ಲ ಸವೆದೋಯ್ತದೆ. ಸೈಕಲ್ ಯಜಮಾನ್ರಿಗೆ ಗೊತ್ತಾ?"

ಯಜಮಾನರಿಗೆ ಗೊತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಆ ಸೈಕಲ್ಲು ಕಿರುಗುಟ್ಟುತ್ತಿತ್ತು. ಕಿರುಗುಟ್ಟುವುದೇ ಸೈಕಲ್ಲಿನ ಧರ್ಮ ಎಂದು ನಮ್ಮ ಮನೆಯವರೆಲ್ಲ ನಂಬಿದ್ದೆವು.

ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಭಾವ ತಲೆಯೆತ್ತಿ ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು: "ಒಸಿ ಸೀಮೆಎಣ್ಣೆ ಸಿಕ್ತದಾ?"

ಅಕ್ಕ ಕಾಫಿ ಕೆಳಗಿಟ್ಟು ಕೇಳಿದಳು: "ನೀವು ಬಂದಿರೋದು ಎಣ್ಣೆಗಾ, ಎಣ್ಣಿಗಾ?"

ನಮ್ಮ ಕಡೆಯವರು ಹಕಾರವನ್ನು ನುಂಗುವುದರಿಂದ ಹೆಣ್ಣಿಗೂ ಎಣ್ಣೆಗೂ ಅಂತರ ಸ್ವಲ್ಪವೇ. ಭಾವ ಒಂದು ಗಳಿಗೆ ಯೋಚಿಸಿ, "ಎರಡಕ್ಕೂ" ಅಂದರು. ಮದುವೆ ಗೊತ್ತಾಯಿತು. ಸೈಕಲ್ಲು ಕಿರುಗುಟ್ಟುವುದೂ ನಿಂತಿತು. ಆಮೇಲೆ ಒಂದು ತಿಂಗಳು ಅಪ್ಪ ಬರುವ ಸದ್ದು ಕೇಳದೆ ಅವ್ವ ಮುದ್ದೆಗೆ ಎಸರಿಡುವುದು ತಡವಾಗುತ್ತಿತ್ತು.

ಭಾವ ಮಳವಳ್ಳಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೇರೆ ಮೇಷ್ಟ್ರುಗಳು ಮಕ್ಕಳಿಗೆ ಬರೆಯಲು ಹೂಜಿಯನ್ನೋ ಮಾವಿನಹಣ್ಣನ್ನೋ ಮೇಜಿನ ಮೇಲೆ ಇಡುತ್ತಾರಲ್ಲ, ಇವರು ಪೆಡಲು ಇಡುತ್ತಿದ್ದರು. ಒಮ್ಮೆ ಇನ್ಸ್‌ಪೆಕ್ಟರು ಬಂದು ಮಕ್ಕಳ ಪುಸ್ತಕ ತಿರುವಿ ಹಾಕಿ, "ಏನ್ರೀ ಮೇಷ್ಟ್ರೇ, ಇಡೀ ತರಗತಿಯಲ್ಲಿ ಒಂದು ಹೂವೂ ಇಲ್ಲವಲ್ಲ" ಎಂದು ಕೇಳಿದರಂತೆ. ಭಾವ ಒಬ್ಬ ಹುಡುಗ ಬರೆದಿದ್ದ ಹಲ್ಲಿನ ಚಕ್ರವನ್ನು ತೋರಿಸಿ, "ನೋಡಿ ಸಾ, ದಳ ಎಷ್ಟು ಸಮವಾಗಿ ಬಂದವೆ" ಅಂದರಂತೆ. ಇನ್ಸ್‌ಪೆಕ್ಟರು ಅದನ್ನು ಸೇವಂತಿಗೆಯೆಂದೇ ತಿಳಿದು ಸಹಿ ಮಾಡಿ ಹೋದರು.

ಆಗ ನನಗೆ ಮದ್ದೂರಿನಲ್ಲಿ ಗುಮಾಸ್ತನ ಕೆಲಸ. ಭಾನುವಾರ ಬಂದರೆ ಅಕ್ಕನ ಮನೆ. ಮಂಡ್ಯದ ಸೈಕಲ್ ಅಂಗಡಿಗೆ ಹೊಸ ಮಾಡಲ್ಲು ಬಂದಾಗಲೆಲ್ಲ ಭಾವ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು, ಅದೂ ಬಸ್ಸಿನಲ್ಲಿ. ಸ್ವಂತ ಸೈಕಲ್ಲು ಇದ್ದೂ ಬಸ್ಸೇಕೆ ಎಂದು ಒಮ್ಮೆ ಕೇಳಿದೆ.

"ಅದರ ಮೇಲೆ ಕೂತ್ಕೊಂಡು ಇನ್ನೊಂದು ಸೈಕಲ್ ನೋಡಕೆ ಓಗದಾ? ಮರ್ವಾದೆ ಬ್ಯಾಡ್ವೇನ್ಲಾ ಮನ್ಸಂಗೆ?"

ಅವರ ಸೈಕಲ್ಲಿನ ಬೆಲ್ಲನ್ನು ಕೂಡ ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ನಾನೊಮ್ಮೆ ಸುಮ್ಮನೆ ಟ್ರಿಣ್ ಅನ್ನಿಸಿದ್ದಕ್ಕೆ, "ಯಾರೂ ಅಡ್ಡ ಬಂದಿಲ್ವಲ್ಲ, ಯಾಕೆ ಸವೆಸ್ತೀಯ?" ಅಂದಿದ್ದರು.

ಮಂಡ್ಯದ ಅಂಗಡಿಯಲ್ಲಿ ಹೊಸ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಮಧ್ಯಾಹ್ನದ ಊಟ ಮರೆತ ಹಾಗೆಯೇ. ಮಡ್‌ಗಾರ್ಡು ತಟ್ಟುವರು, ಕಡ್ಡಿಗಳನ್ನು ಒಂದೊಂದಾಗಿ ಮೀಟುವರು, ಬ್ರೇಕು ಹಿಡಿದು ಬಿಡುವರು. ಅಷ್ಟರಲ್ಲಿ ಯಾರೋ ಗೌಡರು ಅಳಿಯನಿಗೆ ಕೊಡಿಸಲು ಬಂದರೆ, "ಗೌಡ್ರೇ, ಈ ವರ್ಸ ಬಣ್ಣ ಮಾತ್ರ ಒಸದು. ಒಳಗೆಲ್ಲ ಓದ್ವರ್ಸದ್ದೇಯ. ಅಳಿಯ ತಡ್ಕಳಂಗಿದ್ರೆ ಮುಂದಿನ ವರ್ಸ ಬನ್ನಿ" ಅನ್ನುವರು. ಗೌಡರು ಅಳಿಯನ ತಾಳ್ಮೆಯನ್ನು ನಂಬಿ ಹೊರಟುಹೋಗುವರು.

"ಮೇಷ್ಟ್ರೇ, ನೀವು ಬಂದ ದಿವಸ ನಂಗೆ ಯಾಪಾರ ಇಲ್ಲ" ಅನ್ನುತ್ತಿದ್ದರು ಅಂಗಡಿಯವರು. ಹಾಗಿದ್ದೂ ಪ್ರತಿ ಹೊಸ ಮಾಡಲ್ಲು ಬಂದಾಗ ಭಾವನಿಗೆ ಕಾಗದ ಹಾಕುತ್ತಿದ್ದವರು ಅವರೇ. ಬಿಡಿಬಿಡಿಯಾಗಿ ಬಂದ ಸೈಕಲ್ಲನ್ನು ಭಾವ ಜೋಡಿಸಿದರೆ ವರ್ಷವಾದರೂ ಗಿರಾಕಿ ದೂರು ತರುತ್ತಿರಲಿಲ್ಲ.

ಒಂದು ಸಲ ಆ ಅಂಗಡಿಯಲ್ಲಿ ಯಾವುದೋ ಸಾಮಾನು ಸುತ್ತಿ ಬಂದಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದು ಭಾವನ ಕೈಗೆ ಸಿಕ್ಕಿತು. ಅದರಲ್ಲಿ ಒಂದು ಚಿತ್ರ. ಯಾವುದೋ ದೇಶದ ಗಡ್ಡದ ಆಸಾಮಿಯೊಬ್ಬ ದಪ್ಪ ಟೈರಿನ ಸೈಕಲ್ಲಿನ ಮೇಲೆ ಬೆಟ್ಟ ಹತ್ತುತ್ತಿದ್ದಾನೆ. ಇಳಿದು ತಳ್ಳುತ್ತಿಲ್ಲ, ಕೂತೇ ಹತ್ತುತ್ತಿದ್ದಾನೆ. ಭಾವ ಆ ಹಾಳೆಯನ್ನು ಜೇಬಿಗಿಟ್ಟುಕೊಂಡರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಗೇರಿನ ಪಾಠವಾಯಿತು.

"ದಿಬ್ಬ ಅತ್ತುವಾಗ ಉದ್ದುದ್ದ ಎಜ್ಜೆ ಆಕ್ತೀಯೋ, ಸಣ್ಣ ಸಣ್ಣ ಎಜ್ಜೆ ಆಕ್ತೀಯೋ?"

"ಸಣ್ಣ ಹೆಜ್ಜೆ."

"ಅಷ್ಟೇ ಕಣ್ಲಾ ಗೇರು ಅಂದ್ರೆ. ಸೈಕಲ್ಗೆ ಸಣ್ಣ ಎಜ್ಜೆ ಆಕೋದ ಕಲ್ಸೋದು."

ಎಷ್ಟೋ ಕಡೆ ಎಷ್ಟೋ ವಿವರಣೆ ಕೇಳಿದ್ದೇನೆ. ಇಷ್ಟು ಸಲೀಸಾಗಿ ನನ್ನ ತಲೆಗೆ ಹೋದದ್ದು ಇದೊಂದೇ.

ಆದರೆ ನಮ್ಮ ಸೀಮೆಯಲ್ಲಿ ಗೇರಿನ ಸೈಕಲ್ಲು ಎಲ್ಲಿಂದ ಬರಬೇಕು? ಬ್ಲಫ್‌ನಲ್ಲಿ ಹಿಂದೆ ಕರೆಂಟು ತಯಾರಿಸುವ ಕೆಲಸದಲ್ಲಿದ್ದ ಯಾರೋ ಬಿಳಿ ಸಾಹೇಬರು ಬಿಟ್ಟುಹೋದ ವಿಲಾಯಿತಿ ಸೈಕಲ್ಲೊಂದು ಒಂದು ಕ್ವಾರ್ಟರ್ಸಿನ ಹಿಂದೆ ಬಿದ್ದಿದೆ, ಅದರ ಹಿಂದಿನ ಚಕ್ರದ ಹೊಟ್ಟೆಯೊಳಗೆ ಮೂರು ಗೇರಿವೆ ಎಂದು ಭಾವನಿಗೆ ಯಾರೋ ಹೇಳಿದರು. ಮುಂದಿನ ಭಾನುವಾರವೇ ಬದಲಿಗೆ ಕೊಡಲು ಅಚ್ಚುಬೆಲ್ಲದ ಮೂಟೆ ಹೊತ್ತು, ನನ್ನನ್ನೂ ಎಳೆದುಕೊಂಡು ಹೊರಟರು. ಆ ಮನೆಯಲ್ಲಿದ್ದ ಹಳೇ ನೌಕರರು ಬೆಲ್ಲ ನೋಡಿ, ಸೈಕಲ್ಲು ನೋಡಿ, ಮತ್ತೆ ಬೆಲ್ಲ ನೋಡಿ, "ಇವರಿಗೆ ತಲೆ ಸರಿಯಿದೆ ತಾನೆ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಸಂಬಂಧಿಕನಾದ್ದರಿಂದ ಉತ್ತರ ಹೇಳಲಿಲ್ಲ. ಸೈಕಲ್ಲು ತುಕ್ಕು ಹಿಡಿದು ಹಪ್ಪಳವಾಗಿತ್ತು. ಹಂದರದ ಮೇಲಿನ ಸೋರೆಬಳ್ಳಿ ಅದಕ್ಕೂ ಹಬ್ಬಿ ಒಂದು ಕಾಯಿ ಬಿಟ್ಟಿತ್ತು. ಭಾವ ಸೋರೆಕಾಯಿಯನ್ನು ಅವರಿಗೇ ಕಿತ್ತುಕೊಟ್ಟು, ಚಕ್ರ ಬಿಚ್ಚಿ ಎದೆಗವಚಿಕೊಂಡು ಬಸ್ಸು ಹತ್ತಿದರು. ಬಾಣಂತಿಯರಿಗೆ ಎದ್ದು ಜಾಗ ಕೊಡುವ ಹಾಗೆ ಒಬ್ಬರು ಎದ್ದು ಜಾಗ ಕೊಟ್ಟರು.

ಆಮೇಲೆ ಅಕ್ಕನ ಅಡಿಗೆಮನೆಗೆ ಗ್ರಹಚಾರ ಹಿಡಿಯಿತು. ಆ ಚಕ್ರದ ಹೊಟ್ಟೆಯಿಂದ ತೆಗೆದ ಹಲ್ಲು, ಬಿಲ್ಲೆ, ಸ್ಪ್ರಿಂಗುಗಳನ್ನೆಲ್ಲ ಭಾವ ಅಕ್ಕಿ ಕೇರುವ ಮೊರದಲ್ಲಿ ಹರಡಿಕೊಂಡರು. ಒಂದು ಭಾನುವಾರ ಒಂದು ಸ್ಪ್ರಿಂಗು ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ ಎಲ್ಲರೂ ಊಟಕ್ಕೆ ಕೂತೆವು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಷ್ಟೆ. ನಾನು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಇನ್ನೇನು ಗಂಟಲಿಗೆ ಇಳಿಸಬೇಕು, "ನುಂಗಬ್ಯಾಡ ಕಣ್ಲಾ" ಎಂದು ಭಾವ ನನ್ನ ಕೈ ಹಿಡಿದುಬಿಟ್ಟರು. ತುತ್ತಿನ ಮಗ್ಗುಲಲ್ಲಿ ಸಣ್ಣದೊಂದು ಹೊಳಪು. ಸ್ಪ್ರಿಂಗನ್ನು ಬಿಡಿಸಿಕೊಂಡು, ತೊಳೆದು, ಒರೆಸಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಒತ್ತಿ ನೋಡಿ, ಅದು ಕ್ಷೇಮವಾಗಿದೆ ಎಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಂಗೇನೂ ಆಗ್ನಿಲ್ವಲ್ಲ?"

ಇದೇ ಸಮಯಕ್ಕೆ ಅಕ್ಕನಿಗೆ ಆರ್ಡರು ಬಂತು. ಮದುವೆಗೆ ಮೊದಲೇ ಅವಳು ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ, ಇನ್ನು ಬರುವುದಿಲ್ಲವೆಂದು ಎಲ್ಲರೂ ಮರೆತಿದ್ದಾಗ ಪ್ರೈಮರಿ ಶಾಲೆಯ ಕೆಲಸ ಬಂದಿತ್ತು. ಆದರೆ ಊರು ಯಾವುದು? ಮಳವಳ್ಳಿಯಿಂದ ನಾಲ್ಕು ಮೈಲಿ ಆಚೆ, ದಿಬ್ಬದ ನೆತ್ತಿಯ ಮೇಲೆ. ಬಸ್ಸಿಲ್ಲ. ಕೊನೆಯ ಒಂದು ಮೈಲಿ ಎತ್ತಿನ ಗಾಡಿಯೇ ಏದುಸಿರು ಬಿಡುವಂಥ ಏರು. ಅಕ್ಕನಿಗೆ ಮೊದಲೇ ಮಂಡಿನೋವು. ಎರಡು ದಿನ ನಡೆದು ನೋಡಿದಳು. ಮೂರನೆಯ ದಿನ ಮಂಡಿ ಊದಿಕೊಂಡಿತು. ಕೆಲಸಕ್ಕೆ ಸೇರಿಕೊಳ್ಳಲು ಇನ್ನು ಮೂರೇ ವಾರ ಉಳಿದಿತ್ತು.

"ಬುಡು, ನಂಗ್ಯಾಕೆ ಕೆಲ್ಸ. ಇಲ್ಲೇ ಬೇಕಾದಷ್ಟಿದೆ" ಎಂದು ಆರ್ಡರನ್ನು ಟ್ರಂಕಿನ ತಳಕ್ಕೆ ಹಾಕಿದಳು. ಸೀರೆಗಳನ್ನು ಅದರ ಮೇಲೆ ಮತ್ತೆ ಮಡಿಸಿಡುವಾಗ ಅವಳು ನಮಗೆ ಬೆನ್ನು ತಿರುಗಿಸಿಕೊಂಡಿದ್ದಳು.

ಭಾವ ಮೂಲೆಯಲ್ಲಿ ಕೂತು ಗೇರಿನ ಹಲ್ಲು ಉಜ್ಜುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಭಾವ, ಅಕ್ಕ ಅಳ್ತಾವ್ಳೆ. ನೀವು ತುಕ್ಕು ಉಜ್ತಾ ಕೂತಿದೀರಿ."

"ಉಜ್ಜದಿದ್ರೆ ಎಂಗ್ಲಾ ತಿರುಗ್ತದೆ?" ಅಂದರು, ತಲೆ ಎತ್ತದೆ.

ನಾನು ಊಟ ಮಾಡದೆ ಮದ್ದೂರಿಗೆ ಹೊರಟುಬಂದೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರಾಚೆಯ ಭಾನುವಾರ ಮನಸ್ಸು ತಡೆಯದೆ ಹೋದೆ.

ಅಂಗಳದಲ್ಲಿ ಒಂದು ಸೈಕಲ್ಲು ನಿಂತಿತ್ತು. ಮೊದಲು ಗುರುತು ಸಿಗಲಿಲ್ಲ. ಆಮೇಲೆ ನೋಡಿದರೆ ಅದು ಭಾವನದೇ. ಮೇಲಿನ ದಂಡವನ್ನು ಕತ್ತರಿಸಿ, ಬಗ್ಗಿಸಿ, ಕೆಳಕ್ಕೆ ತಂದು ಬೆಸೆದಿದ್ದರು, ಸೀರೆ ಉಟ್ಟವರು ಹತ್ತುವ ಹಾಗೆ. ಹಿಂದಿನ ಚಕ್ರಕ್ಕೆ ಬ್ಲಫ್‌ನಿಂದ ತಂದ ಮೂರು ಗೇರು. ಹ್ಯಾಂಡಲ್ಲಿನಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಪುಟ್ಟ ಹಿಡಿ. ಸೀರೆ ಸಿಕ್ಕಿಕೊಳ್ಳದ ಹಾಗೆ ಚಕ್ರಕ್ಕೆ ಬಲೆ, ಚೈನಿಗೆ ಪೂರಾ ತಗಡಿನ ಹೊದಿಕೆ. ಬೆಲ್ಲು ಮುಟ್ಟಿದರೆ ಸವೆಯುತ್ತದೆ ಅನ್ನುತ್ತಿದ್ದ ಮನುಷ್ಯ ಸೈಕಲ್ಲನ್ನೇ ಗರಗಸಕ್ಕೆ ಕೊಟ್ಟಿದ್ದರು. ನಾನು ಕುಕ್ಕರಗಾಲಲ್ಲಿ ಕೂತು ಬೆಸೆದ ಜಾಗವನ್ನು ಬೆರಳಲ್ಲಿ ಸವರಿದೆ.

ಅಕ್ಕ ಮಾತ್ರ ಹತ್ತಿರ ಬರಲಿಲ್ಲ. "ಮೂವತ್ತಮೂರು ವರ್ಸಕ್ಕೆ ಸೈಕಲ್ ಕಲಿಯಕಾದದಾ? ಊರು ನಗ್ತದೆ."

"ನಗಲಿ ಬುಡು. ದಿಬ್ಬ ಅತ್ಬೇಕಾದೋಳು ನೀನು, ಊರಲ್ಲ" ಅಂದರು ಭಾವ.

ನಾನು ಒಂದು ವಾರ ರಜೆ ಹಾಕಿ ಅಲ್ಲೇ ಉಳಿದೆ. ಕೆರೆಯ ಒಣಗಿದ ಅಂಗಳದಲ್ಲಿ ಬೆಳಗಿನ ಹೊತ್ತು ಪಾಠ ನಡೆಯಿತು. ಭಾವ ಸೀಟು ಹಿಡಿದು ಹಿಂದೆ ಓಡುವರು, ನಾನು ಸುಮ್ಮನೆ ಪಕ್ಕದಲ್ಲಿ ಓಡುವೆನು. ನಾಲ್ಕನೆಯ ದಿನ ಭಾವ ಕೈಬಿಟ್ಟರು. ಅಕ್ಕ ಇಪ್ಪತ್ತು ಮಾರು ತಾನೇ ಹೋದಳು. ಹಿಂದೆ ಯಾರೂ ಇಲ್ಲವೆಂದು ಗೊತ್ತಾದದ್ದೇ ತಡ, ಧಡಾರನೆ ಬಿದ್ದಳು. ಸೈಕಲ್ಲು ಒಂದು ಕಲ್ಲಿಗೆ ಬಡಿದು ಹ್ಯಾಂಡಲ್ಲು ಓರೆಯಾಯಿತು, ಹೊಸ ಗೇರು ಮಣ್ಣಲ್ಲಿ ಹೂತಿತು. ನಾನು ಭಾವನ ಮುಖ ನೋಡಿದೆ. ಅವರು ಸೈಕಲ್ಲನ್ನು ದಾಟಿಕೊಂಡು ಓಡಿಹೋಗಿ ಅಕ್ಕನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೈಕಲ್ಲನ್ನು ಎತ್ತಿ ನಿಲ್ಲಿಸಿದವನು ನಾನು.

"ಹ್ಯಾಂಡ್ಲು ಓರೆಯಾಯ್ತಲ್ಲ" ಅಂದಳು ಅಕ್ಕ, ತಪ್ಪು ಮಾಡಿದವಳ ಹಾಗೆ.

"ಅದ ಬಗ್ಗಿಸ್ಬೋದು. ನೀನು ಕಾಲು ನೀಡು, ನೋಡವ."

ಸೇರಿಕೊಳ್ಳುವ ದಿನ ಅಕ್ಕ ಮುಂದೆ, ನಾವಿಬ್ಬರೂ ಒಂದು ಬಾಡಿಗೆ ಸೈಕಲ್ಲಿನಲ್ಲಿ ಹಿಂದೆ. ತುಳಿಯುವವನು ನಾನು, ಕ್ಯಾರಿಯರಿನಲ್ಲಿ ಭಾವ. ದಾರಿಯುದ್ದಕ್ಕೂ ಆ ಬಾಡಿಗೆ ಸೈಕಲ್ಲಿನ ರೋಗಗಳನ್ನು ಒಂದೊಂದಾಗಿ ನನ್ನ ಬೆನ್ನಿಗೆ ಹೇಳುತ್ತ ಬಂದರು. ದಿಬ್ಬದ ಬುಡಕ್ಕೆ ಬಂದಾಗ ನಮ್ಮದು ಮುಂದಕ್ಕೆ ಹೋಗಲಿಲ್ಲ. ಇಳಿದು ನಿಂತೆವು.

ಅಕ್ಕ ಹೋಗುತ್ತಿದ್ದಳು. ಹುಣಸೆಮರದ ಹತ್ತಿರ ಒಂದು ಗಳಿಗೆ ತುಳಿಯುವುದನ್ನು ನಿಲ್ಲಿಸಿ ಹೆಬ್ಬೆರಳು ಆಡಿಸಿದಳು. ಮೊದಲ ತಿರುವಿನಲ್ಲಿ ಇನ್ನೊಮ್ಮೆ. ಅವಳ ಕಾಲು ಚಕಚಕನೆ ಆಡುತ್ತಿತ್ತು, ಸೈಕಲ್ಲು ಮಾತ್ರ ಆಮೆಯ ಹಾಗೆ ಏರುತ್ತಿತ್ತು. ಇಳಿಯಲಿಲ್ಲ. ಹಿಂದಿರುಗಿಯೂ ನೋಡಲಿಲ್ಲ.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲೂರಿ ನಿಂತು ನೋಡಿ, "ಏನ್ ಮೇಷ್ಟ್ರೇ, ಎಂಡ್ರು ನಿಮ್ಮ ಬುಟ್ಟೇ ಒಂಟೋದ್ರಲ್ಲ" ಅಂದರು.

"ಓಗ್ಲಿ ಅಂತ್ಲೇ ಮಾಡಿದ್ದು ಕಣಣ್ಣ" ಅಂದರು ಭಾವ.

ಅಕ್ಕ ತಿರುವಿನಾಚೆ ಮರೆಯಾದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಹೊರಡೋಣ ಎಂದು ನಾನು ಸೈಕಲ್ಲು ತಿರುಗಿಸಿದರೆ, "ನಡ್ಕಂಡೇ ಓಗವ" ಅಂದರು. ಮುಂದೆ ಆರು ವರ್ಷ, ಅಕ್ಕನಿಗೆ ಮಳವಳ್ಳಿಗೇ ವರ್ಗವಾಗುವವರೆಗೆ, ಅವರು ತಮ್ಮ ಶಾಲೆಗೆ ನಡೆದೇ ಹೋದರು. ಆವತ್ತು ಮಾತ್ರ ನನಗೆ ಅದು ಗೊತ್ತಿರಲಿಲ್ಲ. ಬಾಡಿಗೆ ಸೈಕಲ್ಲು ತಳ್ಳಿಕೊಂಡು ಪಕ್ಕದಲ್ಲಿ ನಡೆದೆ. ಒಂದು ಮೈಲಿ ಕಳೆಯಿತು. ಆಮೇಲೆ ತಾವಾಗಿಯೇ ಶುರುಮಾಡಿದರು.

"ನಿಮ್ಮಕ್ಕ ಅಡಿಗೆ ಮಾಡುವಾಗ ಏನ್ ಮಾಡ್ತಾಳೆ ಗೊತ್ತಾ ನಿಂಗೆ? ಪಾಠ ಮಾಡ್ತಾಳೆ. ನಾಕ್ನೇ ಕ್ಲಾಸಿಂದು ಕನ್ನಡ, ಲೆಕ್ಕ, ಎಲ್ಲಾನೂವೆ. ಮೆಲ್ಲುಕ್ಕೆ, ಒಲೆ ಮುಂದೆ ಕೂತ್ಕಂಡು. ಆಜರಿ ತಕ್ಕಳಂಗೆ ಮಕ್ಕಳ ಎಸ್ರು ಕೂಗ್ತಾಳೆ, ಯಾವ ಮಕ್ಕಳೂ ಇರಕಿಲ್ಲ. ತಪ್ಪು ಏಳ್ದೋರ್ಗೆ ಇನ್ನೊಂದ್ಸಲ ಏಳ್ಕೊಡ್ತಾಳೆ, ಬೈಯಕಿಲ್ಲ. ಅವಳಿಗೆ ಗೊತ್ತಿಲ್ಲ, ನಾನು ಮೂಲೇಲಿ ತುಕ್ಕು ಉಜ್ತಾ ಕೂತಿರ್ತೀನಲ್ಲ, ಎಲ್ಲಾ ಕೇಳುಸ್ಕತಿದ್ದೆ."

ಎದುರಿಗೆ ಬಂದ ಎತ್ತಿನ ಗಾಡಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಅನ್ನೊಂದು ವರ್ಸ ನಾನೊಬ್ನೇ ಕೇಳುಸ್ಕಂಡೆ ಕಣ್ಲಾ" ಅಂದರು. "ಇನ್ಮೇಲೆ ಮಕ್ಕಳು ಕೇಳುಸ್ಕಳ್ಳಿ."