ಮೆಟ್ಟಿಲಲ್ಲಿ ಸಿಕ್ಕಿಕೊಂಡ ಬೀರು ಮತ್ತು ಅಳಿಸಿಹೋದ ಅರ್ಧ ವಾಕ್ಯ

ಕೈಕೆಲಸ ಬಳಗದ ಮುಖ್ಯ ನಿರ್ವಾಹಕರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಮನೆ ರಿಪೇರಿಯ ಸಂಕಟಗಳನ್ನು ಹಂಚಿಕೊಳ್ಳಲೆಂದು ತಾವು ಅಂತರಜಾಲದಲ್ಲಿ ಕಟ್ಟಿ ಬೆಳೆಸಿದ ಬಳಗದ ಹಳೆಯ ಸದಸ್ಯೆಯೂ, ವೃತ್ತಿಯಿಂದ ದರ್ಜಿಯೂ, ಸದ್ಯಕ್ಕೆ ಗಂಡನನ್ನು ಸ್ವಂತ ಮನೆಯ ಮಹಡಿಯಲ್ಲೇ ಕಳೆದುಕೊಂಡು ಕೆಳಗೆ ಕುಳಿತಿರುವವಳೂ ಆದ ನಾನು ತಮಗೂ, ತಮ್ಮ ಸಭ್ಯತಾ ಪಾಲಕರ ಪಡೆಗೂ, ತಮ್ಮ ನಿಯಮಾವಳಿಯ ಒಂದೊಂದು ಉಪನಿಯಮಕ್ಕೂ ಬೇರೆಬೇರೆಯಾಗಿ ನಮಸ್ಕರಿಸುತ್ತೇನೆ. ಯಾರಿಗಾದರೂ ನಮಸ್ಕಾರ ಬಿಟ್ಟುಹೋಗಿದ್ದರೆ ಅದು ಮರೆವೇ ಹೊರತು ಅವಮಾನವಲ್ಲವೆಂದು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಬಳಗದಲ್ಲಿ ಬೆರಳೆಣಿಕೆಯ ಜನರಿದ್ದಾಗ ನಾವು ಒಬ್ಬರನ್ನೊಬ್ಬರು ಬೈದುಕೊಂಡೇ ನಲ್ಲಿ ಸರಿಮಾಡಿಕೊಳ್ಳುತ್ತಿದ್ದೆವು. ಆಮೇಲೆ ಸಂತೆಯಷ್ಟು ಜನ ಸೇರಿ, ಗೋಡೆಗೆ ಮೊಳೆ ಹೊಡೆಯಬೇಕೋ ತಿರುಪು ಹಾಕಬೇಕೋ ಎಂಬ ಚರ್ಚೆ ಪರಸ್ಪರರ ಏಳು ತಲೆಮಾರಿನವರೆಗೆ ಹೋದಾಗ, ತಾವೇ ನಿಯಮಗಳನ್ನು ತಂದು, ಮೀರಿದ ಬರಹ ಅಳಿಸಲು ಸಭ್ಯತಾ ಪಾಲಕರನ್ನು ನೇಮಿಸಿ ಬಳಗದ ಮಾನ ಉಳಿಸಿದಿರಿ. ಉತ್ತರ ಕೊಡುವವರು ಮೊದಲು ಮೆಚ್ಚುಗೆ ಸೂಚಿಸಬೇಕು, ಯಾರೂ ಯಾರಿಗೂ ‘ಹೀಗೆ ಮಾಡಿ’ ಎಂದು ಅಪ್ಪಣೆ ಕೊಡಕೂಡದು, ವಿರುದ್ಧ ಅಭಿಪ್ರಾಯಕ್ಕೂ ಸಮಾನ ಗೌರವ ಸಲ್ಲಬೇಕು. ಜಗಳ ನಿಂತಿತೆಂಬುದನ್ನು ಹೊಟ್ಟೆಕಿಚ್ಚಿನವರೂ ಒಪ್ಪುತ್ತಾರೆ. ನಮ್ಮ ನಲ್ಲಿಗಳು ಈಗಲೂ ಸೋರುತ್ತಿವೆ, ಆದರೆ ಬಹಳ ಸೌಜನ್ಯದಿಂದ ಸೋರುತ್ತಿವೆ.

ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ನಮ್ಮ ಯಜಮಾನರು, ನಾನು ಬೇಡ ಬೇಡವೆಂದು ಬಡಿದುಕೊಂಡರೂ ಕೇಳದೆ, ಬಟ್ಟೆ ಇಡುವ ದೊಡ್ಡ ಮರದ ಬೀರುವನ್ನು ಮಹಡಿಗೆ ಸಾಗಿಸುವ ಸಾಹಸಕ್ಕೆ ಇಳಿದರು. ಅವರು ಮೇಲಿನಿಂದ ಎಳೆದು, ನನ್ನಿಂದ ಕೆಳಗಿನಿಂದ ತಳ್ಳಿಸಿ, ಮೆಟ್ಟಿಲು ತಿರುಗುವ ಜಾಗದಲ್ಲಿ ಅದನ್ನು ಎಂಥ ಚಂದ ಸಿಕ್ಕಿಸಿದರೆಂದರೆ ಸೊಳ್ಳೆ ದಾಟುವಷ್ಟೂ ಸಂದಿ ಉಳಿಯಲಿಲ್ಲ. ಎದುರುಮನೆಯ ಬಸ್ ಚಾಲಕರು ಬಂದು ಭುಜ ಕೊಟ್ಟದ್ದರಿಂದ ಅದು ಇನ್ನಷ್ಟು ಬಿಗಿಯಾಯಿತು. ಬಡಗಿ ಊರಲ್ಲಿಲ್ಲ. ಅಂದಿನಿಂದ ಯಜಮಾನರು ಮೇಲೆ, ನಾನು ಕೆಳಗೆ. ಕಿಟಕಿಯಿಂದ ಅವರು ಇಳಿಬಿಡುವ ಬುಟ್ಟಿಯಲ್ಲಿ ಊಟ ಹೋಗುತ್ತದೆ, ಅವರು ಗುಂಡಿ ಹೊಲಿದುಕೊಡಬೇಕಾದ ಗಿರಾಕಿಗಳ ಅಂಗಿಗಳೂ ಹೋಗುತ್ತವೆ. ಊಟದ ತಟ್ಟೆ ಖಾಲಿಯಾಗಿ ಬರುತ್ತದೆ, ಅಂಗಿಗಳು ಹೋದ ಹಾಗೇ ಬರುತ್ತವೆ. ಕೇಳಿದರೆ, ‘ಪುರುಸೊತ್ತಿಲ್ಲ ಕಣೇ, ಫೋನಲ್ಲಿ ಒಂದಿಷ್ಟು ಕೆಲಸ ಇದೆ’ ಎನ್ನುತ್ತಾರೆ. ಆದರೂ ಮಾನ್ಯರೇ, ಸಂಜೆ ಚಹಾ ಕುಡಿಯುವಾಗ ಎದುರಿಗೆ ಆ ಮುಖವಿಲ್ಲದೆ ಮನೆ ಬಿಕೋ ಎನ್ನುತ್ತದೆ; ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಬೈಯುವುದಕ್ಕಾದರೂ ಮನುಷ್ಯ ಕಣ್ಣೆದುರಿಗೆ ಬೇಕಲ್ಲ.

ವಿಧಿಯಿಲ್ಲದೆ ಬಳಗದಲ್ಲಿ ಫೋಟೋ ಹಾಕಿ ಉಪಾಯ ಕೇಳಿದೆ. ಬಂದ ಉತ್ತರಗಳ ಸೌಜನ್ಯಕ್ಕೆ ನನ್ನ ಕಣ್ಣು ತುಂಬಿತು. ಒಬ್ಬರು ಮೆಟ್ಟಿಲಿನ ಬಣ್ಣವನ್ನು ಕೊಂಡಾಡಿದರು. ಇನ್ನೊಬ್ಬರು, ಸಿಕ್ಕಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ ಮಾತ್ರ, ತಲುಪಬೇಕಾದ ಜಾಗ ತಲುಪಿದ್ದೇನೆಂದು ಬೀರುವಿಗೆ ಅನ್ನಿಸಿರಬಹುದು ಎಂದರು. ಮತ್ತೊಬ್ಬರು ಪಾಪ, ಅಪ್ಪಣೆಯ ಧಾಟಿ ತಪ್ಪಿಸಲು ಬೆವರು ಸುರಿಸಿ, ‘ಎಡಗಡೆ ಎಂಬ ದಿಕ್ಕಿನ ಬಗ್ಗೆ ತಮಗೆ ಎಂದಾದರೂ ಒಲವು ಮೂಡಿದ್ದುಂಟೇ’ ಎಂದು ಕೇಳಿದರೆ, ಬಲಗಡೆಗೂ ಸಮಾನ ಗೌರವ ಸಲ್ಲಬೇಕೆಂದು ಹತ್ತಾರು ಮಂದಿ ಕೂಡಲೇ ನೆನಪಿಸಿದರು. ಕೊನೆಗೆ ಎರಡೂ ದಿಕ್ಕುಗಳನ್ನು ಅಭಿನಂದಿಸಿ ಚರ್ಚೆ ಮುಗಿಸಲಾಯಿತು.

ಆಗ ಬಂದರು ನೋಡಿ, ‘ಸುತ್ತಿಗೆ ಮಾವ’ ಎಂದು ನಾವೆಲ್ಲ ಕರೆಯುವ, ಬಾಯಿ ಬಿಟ್ಟರೆ ಬೈಗುಳವೇ ಉದುರುವ ಹಳೆಯ ಸದಸ್ಯರು. ಅವರ ಉತ್ತರದ ಮೊದಲ ಸಾಲುಗಳು ನನ್ನ ಫೋನಿನ ನೋಟಿಫಿಕೇಶನ್ನಿನಲ್ಲಿ ಮಿಂಚಿದವು: ‘ಅಲ್ಲಮ್ಮಾ, ನಿಮ್ಮ ಯಜಮಾನನ ತಲೇಲಿರೋದು ಮೆದುಳೋ ಮರದ ಹೊಟ್ಟೋ? ಕತ್ತೆಗಾದ್ರೂ ಅಷ್ಟು ಗೊತ್ತಾಗುತ್ತೆ! ಐದು ನಿಮಿಷದ ಕೆಲಸ ಕಣಮ್ಮಾ, ಮೊದಲು ಆ ಬೀರು ಹಿಂದಿನ...’ ಅಷ್ಟೇ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ತೆರೆಯುವಷ್ಟರಲ್ಲಿ ಉತ್ತರವೇ ಮಾಯವಾಗಿ, ‘ತಮ್ಮ ಮನಸ್ಸಿಗೆ ನೋವಾಗದಂತೆ ಅಸಭ್ಯ ಬರಹವನ್ನು ತೆಗೆದುಹಾಕಲಾಗಿದೆ’ ಎಂಬ ಸಾಲು ಕುಳಿತಿತ್ತು. ಸುತ್ತಿಗೆ ಮಾವನನ್ನೂ ಬಳಗದಿಂದ ಹೊರಗೆ ಹಾಕಿದ್ದೀರಿ.

ತಮ್ಮ ಕೈಚಳಕಕ್ಕೆ ತಲೆಬಾಗುತ್ತೇನೆ ಮಾನ್ಯರೇ. ಬೈಗುಳ ನನಗೆ ಚಾಚೂ ತಪ್ಪದೆ ತಲುಪಿದೆ, ಉಪಾಯ ಮಾತ್ರ ಅಳಿಸಿಹೋಗಿದೆ. ಹಿಂದಿನ ಏನು? ಹಿಂದಿನ ಹಲಗೆಯೋ, ಹಿಂದಿನ ಕಾಲೋ, ಹಿಂದಿನ ಜನ್ಮದ ಪಾಪವೋ? ಆದ್ದರಿಂದ ಉಳಿದರ್ಧ ವಾಕ್ಯವನ್ನು ನನಗೆ ದಯಪಾಲಿಸಬೇಕೆಂದು ಬೇಡುತ್ತೇನೆ. ಅದರಲ್ಲಿ ಇನ್ನಷ್ಟು ಬೈಗುಳಗಳಿದ್ದರೆ ಒಂದನ್ನೂ ಬಿಡದೆ ನನ್ನ ತಲೆಗೆ ಕಟ್ಟಬಹುದು. ಯಜಮಾನರ ಪಾಲಿನದನ್ನೂ ನಾನೇ ಸಹಿ ಹಾಕಿ ಪಡೆಯುತ್ತೇನೆ, ಏಕೆಂದರೆ ಮರದ ಹೊಟ್ಟಿನ ವಿಚಾರ ನನಗೆ ಮದುವೆಯಾದ ವಾರವೇ ಗೊತ್ತಾಗಿತ್ತು. ಇದೂ ಆಗದಿದ್ದರೆ ಪಾಲಕರ ಪಡೆಯೆಲ್ಲ ನಮ್ಮ ಮನೆಗೆ ದಯಮಾಡಿಸಿ, ಬೀರುವಿನ ಜೊತೆ ಮುಖಾಮುಖಿ ಕುಳಿತು, ಅದಕ್ಕೆ ನೋವಾಗದ ಹಾಗೆ ಮಾತಾಡಿ ಒಪ್ಪಿಸಬೇಕು. ಕುರ್ಚಿಗಳ ಏರ್ಪಾಡು ನನ್ನದು.

ಪ್ರತಿಯೊಂದು ಅಲ್ಪವಿರಾಮದಲ್ಲೂ ವಿನಯವಿದೆಯೇ ಎಂದು ಎರಡೆರಡು ಸಲ ನೋಡಿಕೊಂಡು,

ತಮ್ಮ ವಿಶ್ವಾಸಿ,
ಬೀರುವಿನ ಕೆಳಬದಿಯ ದರ್ಜಿ

ಬಾಲಂಗೋಚಿ: ಇಷ್ಟು ಬರೆದ ಮೇಲೆ, ಸುತ್ತಿಗೆ ಮಾವನ ಉತ್ತರ ಅಳಿಸಿದ ಪಾಲಕರು ಯಾರೆಂದು ತಮ್ಮ ಪುಟದಲ್ಲಿ ಹುಡುಕಿದೆ. ಭಾನುವಾರ ಸಂಜೆ ಬಳಗ ಸೇರಿ, ಕಂಡಕಂಡವರಿಗೆಲ್ಲ ಮೆಚ್ಚುಗೆ ಹಂಚಿ, ಬುಧವಾರಕ್ಕೆಲ್ಲ ಪಾಲಕರಾಗಿ ಬಡ್ತಿ ಪಡೆದ ಆ ಮಹನೀಯರ ಫೋಟೋದಲ್ಲಿ ಹಿಂದೆ ನಮ್ಮ ಮಹಡಿಯ ಕಿಟಕಿ ಇದೆ, ಮುಂದೆ ನಮ್ಮ ಯಜಮಾನರಿದ್ದಾರೆ. ಅಳಿಸುವ ಮೊದಲು ಬರಹವನ್ನು ಕೊನೆಯವರೆಗೂ ಓದಲೇಬೇಕೆಂಬುದು ತಮ್ಮ ನಿಯಮವಂತೆ. ಅಂದಮೇಲೆ ಇಳಿದು ಬರುವ ಉಪಾಯ ಅವರಿಗೆ ಅಳಿಸಿದಂದಿನಿಂದಲೂ ಗೊತ್ತಿದೆ. ನನ್ನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಎದುರುಮನೆಯಿಂದ ಮೊಳೆ, ಸುತ್ತಿಗೆ ತಂದು, ಬೀರು ಇನ್ನು ಅತ್ತಿತ್ತ ಅಲುಗದಂತೆ ನನ್ನ ಬದಿಯಿಂದ ಭದ್ರವಾಗಿ ಜಡಿದಿದ್ದೇನೆ. ನಿಯಮ ಮೀರಿಲ್ಲ, ಒಂದೊಂದು ಏಟಿಗೂ ಮುಂಚೆ ಯಜಮಾನರನ್ನು ಬಾಯ್ತುಂಬ ಮೆಚ್ಚಿಕೊಂಡೇ ಹೊಡೆದಿದ್ದೇನೆ.